ಪೆನ್ ಡ್ರೈವ್ ಕೀಳುವ ಮುನ್ನ

(ಶಿಕಾರಿಪುರ ಹಾಗೂ ಸೊರಬ ತಾಲ್ಲೂಕುಗಳ ಗ್ರಾಮ ಪಂಚಾಯಿತಿ ಸದಸ್ಯರಿಗಾಗಿ ನೀಡಿದ ಉಪನ್ಯಾಸದ ಪಠ್ಯ)



ಗ್ರಾಮಸಭೆ ಮುಗಿದಿದೆ. ವಸತಿ ಫಲಾನುಭವಿಗಳ ಪಟ್ಟಿಯನ್ನು ಬೆರಳಚ್ಚು ಮಾಡಿ ಪೆನ್ ಡ್ರೈವ್‌ಗೆ ನಕಲಿಸಲಾಗಿದೆ. ತಾಲ್ಲೂಕು ಕೇಂದ್ರದ ಬಸ್ಸಿಗೆ ಹೊತ್ತಾಯಿತೆಂದು ಯಾರೋ ಅದನ್ನು ಸರಕ್ಕನೆ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಾರೆ. ತಾಲ್ಲೂಕು ಪಂಚಾಯಿತಿಯಲ್ಲಿ ತೆರೆದು ನೋಡಿದರೆ ಕಡತದ ಹೆಸರಿದೆ, ಒಳಗೆ ಒಂದಕ್ಷರವೂ ಇಲ್ಲ. ಇದು ಯಾವ ಪಂಚಾಯಿತಿಯಲ್ಲಾದರೂ ಸಂಭವಿಸಬಹುದು. ಪಟ್ಟಿಯನ್ನು ನೆನಪಿನಿಂದ ಮತ್ತೆ ಸಿದ್ಧಪಡಿಸುವಾಗ ಒಂದು ಹೆಸರು ಬಿಟ್ಟುಹೋದರೆ, ಅದನ್ನು ಗುರುತಿಸುವವರು ಆ ಹೆಸರಿನವರು ಮಾತ್ರ. ಅದೂ ಮನೆ ಮಂಜೂರಾಗಲಿಲ್ಲವೇಕೆಂದು ವಿಚಾರಿಸಲು ಬಂದ ದಿನ.

ನಕಲು ಮುಗಿಯಿತೆಂದು ಪರದೆ ತೋರಿಸಿದ ಮಾತ್ರಕ್ಕೆ ಮಾಹಿತಿ ಪೆನ್ ಡ್ರೈವ್ ತಲುಪಿತೆಂದು ತಿಳಿಯಲಾಗದು. ರವಾನೆ ವಹಿಯಲ್ಲಿ ನಮೂದಾಗಿರುವ ಲಕೋಟೆ ಇನ್ನೂ ಮೇಜಿನ ಮೇಲೆಯೇ ಉಳಿದಿರುವುದುಂಟಲ್ಲವೆ? ಕಂಪ್ಯೂಟರ್ ಕೂಡ ಕೆಲಸ ಚುರುಕಾಗಲೆಂದು ಬರೆಯಬೇಕಾದುದನ್ನು ಕೆಲವೊಮ್ಮೆ ತನ್ನ ತಾತ್ಕಾಲಿಕ ಸ್ಮೃತಿಯಲ್ಲಿ ಇರಿಸಿಕೊಂಡು ಅನಂತರ ಬರೆಯುತ್ತದೆ. ಆ ನಡುವೆ ಕಿತ್ತರೆ ಉಳಿದ ಭಾಗ ಅಲ್ಲಿಯೇ ಅಳಿಯುತ್ತದೆ.

ಇನ್ನೂ ದೊಡ್ಡ ಅಪಾಯ ಬೇರೆಯಿದೆ. ಯಾವ ಕಡತ ಎಲ್ಲಿದೆ ಎಂಬ ಅನುಕ್ರಮಣಿಕೆಯೊಂದು ಪೆನ್ ಡ್ರೈವ್‌ನಲ್ಲಿರುತ್ತದೆ. ಅದನ್ನು ತಿದ್ದುತ್ತಿರುವಾಗಲೇ ಕಿತ್ತರೆ ಅಂದಿನ ಕಡತವಷ್ಟೇ ಅಲ್ಲ, ಹಿಂದಿನ ಸಭೆಗಳ ನಡಾವಳಿ, ಕಾಮಗಾರಿಗಳ ಛಾಯಾಚಿತ್ರ ಎಲ್ಲವೂ ಕಾಣದಂತಾಗಬಹುದು. ಸಾಮಾನ್ಯವಾಗಿ ಪೆನ್ ಡ್ರೈವ್‌ಗಳಲ್ಲಿರುವ ಫ್ಯಾಟ್32 ಮತ್ತು ಎಕ್ಸ್‌ಫ್ಯಾಟ್ ಎಂಬ ವಿನ್ಯಾಸಗಳಲ್ಲಿ ಅರ್ಧಕ್ಕೆ ನಿಂತ ಬರವಣಿಗೆಯನ್ನು ತಾನಾಗಿ ಸರಿಪಡಿಸಿಕೊಳ್ಳುವ ದಿನಚರಿಯ ವ್ಯವಸ್ಥೆ ಇಲ್ಲ. ಮಲೆನಾಡಿನ ಮಳೆಗಾಲದಲ್ಲಿ ವಿದ್ಯುತ್ ಹಠಾತ್ತನೆ ಹೋದರೂ ಆಗುವುದು ಇದೇ. ಯುಪಿಎಸ್ ಬ್ಯಾಟರಿ ಸತ್ತು ಎಷ್ಟು ಕಾಲವಾಯಿತೆಂಬುದನ್ನು ಸದಸ್ಯರು ಒಮ್ಮೆ ವಿಚಾರಿಸುವುದು ಲೇಸು.

2018ರಲ್ಲಿ ಬಂದ ವಿಂಡೋಸ್ 10ರ 1809ನೇ ಆವೃತ್ತಿಯಿಂದ, ತ್ವರಿತವಾಗಿ ತೆಗೆಯಬಹುದಾದ ವ್ಯವಸ್ಥೆಯೇ ಪೂರ್ವನಿಯೋಜಿತವಾಗಿದೆ ಎಂಬ ಮಾತು ನಿಜ. ಕಡತವನ್ನು ಓದಿ ಮುಚ್ಚಿದ ಮೇಲೆ ತೆಗೆದರೆ ಹಾನಿಯ ಸಂಭವ ಕಡಿಮೆ ಎಂಬುದೂ ನಿಜ. ಆದರೆ ಹಳೆಯ ಕಂಪ್ಯೂಟರ್‌ಗಳು ಇನ್ನೂ ಬಳಕೆಯಲ್ಲಿವೆ. ಬರೆಯುತ್ತಿರುವಾಗ ಕಿತ್ತರೆ ಹೊಸ ಕಂಪ್ಯೂಟರ್ ಕೂಡ ಕಾಯಲಾರದು. ಪೆನ್ ಡ್ರೈವ್‌ನಲ್ಲಿಯೇ ಕಡತ ತೆರೆದು ತಿದ್ದುವ ರೂಢಿಯಂತೂ ಬಿಡತಕ್ಕದ್ದು. ಕಂಪ್ಯೂಟರ್‌ನಲ್ಲಿ ತಿದ್ದಿ, ಉಳಿಸಿ, ಅನಂತರ ನಕಲಿಸಬೇಕು.

ತೆಗೆಯುವ ಕ್ರಮ ಅರ್ಧ ನಿಮಿಷದ್ದು. ಕಡತಗಳನ್ನು ಮುಚ್ಚಿ, ಪರದೆಯ ಕೆಳಗೆ ಗಡಿಯಾರದ ಬಳಿಯಿರುವ ಚಿಹ್ನೆಯನ್ನು ಒತ್ತಿ 'ಇಜೆಕ್ಟ್' ಆಯ್ದು, ತೆಗೆಯಬಹುದೆಂಬ ಸೂಚನೆ ಬಂದ ಬಳಿಕ ತೆಗೆಯುವುದು. ಸಾಧನ ಬಳಕೆಯಲ್ಲಿದೆ ಎಂದು ತೋರಿಸಿದರೆ ಯಾವುದೋ ಕಡತ ತೆರೆದೇ ಇದೆ ಎಂದರ್ಥ. ಅದು ಸಿಗದಿದ್ದರೆ ಕಂಪ್ಯೂಟರನ್ನು ಪೂರ್ಣವಾಗಿ ಸ್ಥಗಿತಗೊಳಿಸಿ ತೆಗೆಯಬೇಕು.

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕದಂಬರ ಸ್ತಂಭಶಾಸನ ಸುಮಾರು 1,500 ವರ್ಷಗಳ ತರುವಾಯವೂ ಓದಲು ದೊರೆಯುತ್ತದೆ. ಪೆನ್ ಡ್ರೈವ್ ಕಲ್ಲಲ್ಲ. ಅದು ಸಾಗಣೆಯ ಚೀಲ, ದಾಖಲೆಯ ಕಪಾಟಲ್ಲ. ಆದುದರಿಂದ ಪಟ್ಟಿಯ ಒಂದು ಪ್ರತಿ ಕಚೇರಿಯ ಕಂಪ್ಯೂಟರ್‌ನಲ್ಲಿಯೂ, ಸಹಿಯಾದ ಮುದ್ರಿತ ಪ್ರತಿ ನಡಾವಳಿ ಪುಸ್ತಕದೊಂದಿಗೂ ಇದೆಯೇ ಎಂದು ಸಭೆಯಲ್ಲಿಯೇ ಕೇಳುವ ಹಕ್ಕು ಸದಸ್ಯರಿಗಿದೆ. ಕೇಳಿದರೆ ಯಾರೂ ಬೇಸರಿಸಬೇಕಾದುದಿಲ್ಲ.

ಇಷ್ಟಾಗಿಯೂ ಪೆನ್ ಡ್ರೈವ್ ಕೆಟ್ಟು, 'ಫಾರ್ಮ್ಯಾಟ್ ಮಾಡಬೇಕೆ?' ಎಂದು ಪರದೆ ಕೇಳಿದರೆ ಒಪ್ಪಿಗೆ ಒತ್ತಬಾರದು, ಹೊಸ ಕಡತವನ್ನೂ ಹಾಕಬಾರದು. ಅನುಕ್ರಮಣಿಕೆ ಕೆಟ್ಟಿದ್ದರೂ ಮಾಹಿತಿ ಒಳಗೆ ಉಳಿದಿರಬಹುದು. ಅದರ ಮೇಲೆ ಬೇರೆ ಬರವಣಿಗೆ ಬಿದ್ದರೆ ಮಾತ್ರ ಮರಳಿ ಸಿಗದು. ಅದನ್ನು ಹಾಗೆಯೇ ಲಕೋಟೆಯಲ್ಲಿರಿಸಿ, ದಿನಾಂಕ ಬರೆದು, ತಿಳಿದ ತಂತ್ರಜ್ಞರ ಕೈಗೆ ಒಪ್ಪಿಸಬೇಕು.