ಹೊಸ ಸರ್ವರಿನಲ್ಲಿ ಹಳೆಯ ಹಾಡುಗಳು

(ಠಾಕುರ್ಲಿಯಲ್ಲಿ ನಡೆದ ಮಹಿಳಾ ವಿಭಾಗದ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)

"ಸಂಘದ ಕಂಪ್ಯೂಟರ್ ಬದಲಾಯಿಸಿದ ಕಥೆ ಹೇಳಿ, ಆದರೆ ನಮಗೆ ಅರ್ಥವಾಗಬೇಕು" ಎಂದು ಅಧ್ಯಕ್ಷೆಯವರು ಷರತ್ತು ಹಾಕಿದ್ದಾರೆ. ಪ್ರಯತ್ನಿಸುತ್ತೇನೆ.

ಕಚೇರಿಯ ಮೂಲೆಯಲ್ಲಿದ್ದ ಹಳೆಯ ಡೆಸ್ಕ್‌ಟಾಪ್ ನಿಮಗೆಲ್ಲ ಗೊತ್ತು. ಸದಸ್ಯರ ಪಟ್ಟಿ, ಅರಸಿನ ಕುಂಕುಮದ ಫೋಟೋಗಳು, ಸ್ಮರಣ ಸಂಚಿಕೆಗಳು ಎಲ್ಲವೂ ಅದರಲ್ಲೇ. ಜೊತೆಗೆ ನಮ್ಮ ಹಿರಿಯರು ಹೇಳಿದ ಮದುವೆ ಹಾಡು, ತೊಟ್ಟಿಲ ಹಾಡುಗಳನ್ನು ಟೈಪ್ ಮಾಡಿ ಇಟ್ಟಿದ್ದೆವು. ಹಾಡಿದವರಲ್ಲಿ ಇಬ್ಬರು ಈಗ ನಮ್ಮೊಂದಿಗಿಲ್ಲ.

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆ ಯಂತ್ರ ಹೊಸ ವಿಂಡೋಸಿಗೆ ಒಗ್ಗದಷ್ಟು ಹಳತು. ಸಂಘ ಪುಟ್ಟದೊಂದು ಹೊಸ ಕಂಪ್ಯೂಟರ್ ಕೊಂಡಿತು. ಅದನ್ನು ಸರ್ವರ್ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ಸರ್ವರ್ ಎಂದರೆ ಉಗ್ರಾಣ ಎಂದುಕೊಳ್ಳಿ; ಕೇಳಿದವರಿಗೆ ಕೇಳಿದ ಡಬ್ಬಿ ತೆಗೆದುಕೊಡುತ್ತದೆ. ಮಗ ಪುಣೆಯಿಂದ ಫೋನಿನಲ್ಲಿ, "ಅಮ್ಮಾ, ಡೆಬಿಯನ್ ಲಿನಕ್ಸ್ ಹಾಕು, ದುಡ್ಡು ಕೊಡಬೇಕಿಲ್ಲ" ಎಂದ. ಅವನಿಗೇನು, ಹೇಳಿಬಿಟ್ಟ!

ನೌಕರಿಯ ಕಾಲವೆಲ್ಲ ವಿಂಡೋಸ್ ಮುಂದೆ ಕೂತವಳು ನಾನು. ಇಲ್ಲಿ ಕಪ್ಪು ಪರದೆ, ಮೌಸಿಗೆ ಕೆಲಸವಿಲ್ಲ, ಸಿ ಡ್ರೈವ್ ಎಂಬುದೇ ಇಲ್ಲ. ದೊಡ್ಡಕ್ಷರದ ಹೆಸರು ಬೇರೆ, ಸಣ್ಣಕ್ಷರದ ಹೆಸರು ಬೇರೆ. ನಮ್ಮ ಕನ್ನಡದಲ್ಲಿ ಆ ತಕರಾರೇ ಇಲ್ಲವಲ್ಲ! ಮದುವೆಯಾದ ಹೊಸತರಲ್ಲಿ ಅತ್ತೆಯ ಅಡುಗೆಮನೆಯಲ್ಲಿ ಸಾಸಿವೆ ಹುಡುಕಿದ್ದು ನೆನಪಾಯಿತು.

ಒಂದು ದಿನ ಮನೆಯಿಂದಲೇ ಲ್ಯಾಪ್‌ಟಾಪ್ ಮೂಲಕ ಸರ್ವರಿನ ಫೈರ್‌ವಾಲ್ ಚಾಲೂ ಮಾಡಿದೆ. ನಾನು ಒಳಗೆ ಹೋಗಬೇಕಾದ ಎಸ್‌ಎಸ್‌ಎಚ್ ಬಾಗಿಲನ್ನು ಮಾತ್ರ ಬಿಡಲು ಮರೆತಿದ್ದೆ. ಮರುದಿನ ನನ್ನನ್ನೇ ಒಳಗೆ ಸೇರಿಸಲಿಲ್ಲ. ಕಸ ಇಡಲು ಹೊರಗೆ ಬಂದಾಗ ಲ್ಯಾಚ್ ಬಿದ್ದು, ಬೀಗದ ಕೈ ಒಳಗೇ ಉಳಿದ ಹಾಗೆ. ಕಚೇರಿಗೆ ಓಡಿ, ಮಾನಿಟರ್ ಜೋಡಿಸಿ ಸರಿಮಾಡಿದೆ. ಇನ್ನು ಕರೆಂಟು. ಒಂದು ಕಾಲದಲ್ಲಿ ಚೋಳಾ ಪವರ್ ಹೌಸಿನಿಂದ ರೈಲುಗಳಿಗೆ ವಿದ್ಯುತ್ ಕೊಟ್ಟ ಊರು ನಮ್ಮದು, ಆದರೂ ಯುಪಿಎಸ್ ಕೊಳ್ಳಲೇಬೇಕಾಯಿತು.

ನಿಜವಾಗಿ ಎದೆ ಧಸಕ್ ಎಂದದ್ದು ಆಮೇಲೆ. ಕಡತಗಳೆಲ್ಲ ಹೊಸ ಸರ್ವರಿಗೆ ಬಂದವು. ಲಿನಕ್ಸ್ ಹಾಕಿದ್ದ ನನ್ನ ಲ್ಯಾಪ್‌ಟಾಪಿನಲ್ಲಿ ಹಾಡಿನ ಕಡತ ತೆರೆದರೆ ಕನ್ನಡವೇ ಇಲ್ಲ! ಇಂಗ್ಲಿಷ್ ಅಕ್ಷರ, ಚಿಹ್ನೆಗಳನ್ನು ಯಾರೋ ಮೊರದಿಂದ ಚೆಲ್ಲಿದಂತಿತ್ತು. ಮತ್ತೆ ಕಾಪಿ ಮಾಡಿದೆ, ಅದೇ ಕಥೆ. ಎಲ್ಲ ಹಾಳಾಯಿತೆಂದು ಆ ರಾತ್ರಿ ನಿದ್ದೆ ಬರಲಿಲ್ಲ.

ಹಾಳಾಗಿರಲಿಲ್ಲ. ನಾವು ಆಗ ಟೈಪ್ ಮಾಡಿದ್ದು ನುಡಿಯ ಹಳೆಯ ಫಾಂಟಿನಲ್ಲಿ. ಅದು ಕನ್ನಡದ ಅಕ್ಷರಭಾಗಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸುತ್ತಿತ್ತು. ಆ ಫಾಂಟ್ ಇದ್ದರಷ್ಟೇ ಕನ್ನಡ, ಇಲ್ಲದಿದ್ದರೆ ಈ ಚೆಲ್ಲಾಪಿಲ್ಲಿ. ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆಗಳಿವೆ. ಯಾವ ಯಂತ್ರಕ್ಕೆ ಹೋದರೂ ಕನ್ನಡವಾಗಿಯೇ ಉಳಿಯುತ್ತವೆ. ಆಸ್ಕಿಯಿಂದ ಯೂನಿಕೋಡಿಗೆ ತಿರುಗಿಸುವ ಪರಿವರ್ತಕಗಳಿವೆ. ನಾನು ಹಳೆಯ ಡೆಸ್ಕ್‌ಟಾಪಿನಲ್ಲೇ, ಇಂಟರ್ನೆಟ್ ತಂತಿ ಕಿತ್ತಿಟ್ಟು, ಒಂದೊಂದೇ ಕಡತ ತಿರುಗಿಸಿದೆ. ಅದನ್ನು ಭಂಗಾರ್‌ವಾಲಾಗೆ ಕೊಡಲು ಕಮಿಟಿಯಲ್ಲಿ ತೀರ್ಮಾನವೂ ಆಗಿತ್ತು, ಪುಣ್ಯಕ್ಕೆ ಅವನು ಬಂದಿರಲಿಲ್ಲ.

ಪರಿವರ್ತಕವೂ ಎಡವುತ್ತದೆ. ಕೆಲವೆಡೆ ಅರ್ಕಾವತ್ತು ಜಾಗ ತಪ್ಪಿತು, 'ಸೂರ್ಯ' ಎಂದಿದ್ದ ಕಡೆ ಬೇರೇನೋ ಆಯಿತು. ಇಂಗ್ಲಿಷಿನಲ್ಲಿದ್ದ ಹೆಸರುಗಳನ್ನೂ ಅದು ಕನ್ನಡವೆಂದೇ ತಿಳಿದು ತಿರುಗಿಸಿಬಿಟ್ಟಿತು. ನಮ್ಮ ನಿವೃತ್ತ ಟೀಚರ್ ಅಕ್ಕ ಹಳೆಯ ಪ್ರಿಂಟುಗಳನ್ನು ಹಿಡಿದು ಮೂರು ಭಾನುವಾರ ನನ್ನ ಜೊತೆ ಕೂತರು. ಒಂದು ತೊಟ್ಟಿಲ ಹಾಡಿನ ಪ್ರಿಂಟೇ ಇರಲಿಲ್ಲ. ಅವರು ಕಣ್ಣು ಮುಚ್ಚಿ ಹಾಡಿದರು, ನಾನು ಟೈಪ್ ಮಾಡಿದೆ. ಎರಡು ಸಾಲು ಅವರಿಗೂ ನೆನಪಾಗಲಿಲ್ಲ, ಅಲ್ಲಿ ಚುಕ್ಕಿ ಇಟ್ಟಿದ್ದೇವೆ.

ಈಗ ಎಲ್ಲವೂ ಸರ್ವರಿನಲ್ಲಿದೆ, ಒಂದು ಪ್ರತಿ ಬೇರೆ ಡಿಸ್ಕಿನಲ್ಲಿ ಡೊಂಬಿವಲಿಯ ಸದಸ್ಯೆಯೊಬ್ಬರ ಮನೆಯಲ್ಲಿದೆ. ಆ ಡಿಸ್ಕಿನಿಂದ ಹಾಡುಗಳನ್ನು ವಾಪಸ್ ತೆಗೆದು, ತೆರೆದು ಓದಿ ನೋಡಿದ ಮೇಲೆಯೇ ಹಳೆಯ ಡೆಸ್ಕ್‌ಟಾಪನ್ನು ಬೀಳ್ಕೊಟ್ಟೆವು.

ನಿಮ್ಮ ಮನೆಯಲ್ಲೂ ನುಡಿ, ಬರಹದಲ್ಲಿ ಟೈಪ್ ಮಾಡಿದ ಹಳೆಯ ಕಡತಗಳಿದ್ದರೆ ಮುಂದಿನ ಕೂಟಕ್ಕೆ ಪೆನ್ ಡ್ರೈವಿನಲ್ಲಿ ತನ್ನಿ. ಫಾಂಟಿನ ಹೆಸರು ಗೊತ್ತಿದ್ದರೆ ಚೀಟಿಯಲ್ಲಿ ಬರೆದು ತನ್ನಿ. ಆ ತೊಟ್ಟಿಲ ಹಾಡಿನ ಎರಡು ಸಾಲು ಯಾರಿಗಾದರೂ ಬರುತ್ತಿದ್ದರೆ ಇವತ್ತೇ, ಚಹಾ ಕುಡಿಯುವಾಗ ಹೇಳಿ.