ಹಿತ್ತಿಲ ಸಸಿ



ಮುಂಗಾರಿನ ಮೊದಲ ಮಳೆಗಳು ಮಂಗಳೂರಿನ ಮುರಕಲ್ಲ ನೆಲವನ್ನು ತಣಿಸಿದ ಮೇಲೆ, ಕದ್ರಿ, ಬಿಜೈಗಳಂಥ ಕಡೆ ಇನ್ನೂ ಉಳಿದಿರುವ ಹಳೆಯ ಹಿತ್ತಿಲುಗಳಲ್ಲಿ, ಅಳಿಲು ಬಾವಲಿಗಳು ತಿಂದು ಬೀಳಿಸಿದ ಮಾವು, ಹಲಸು, ಪುನರ್ಪುಳಿಗಳ ಬೀಜಗಳೆಲ್ಲ ಮೊಳೆತು ತಾಯಿಮರದ ಅಡಿಯಲ್ಲಿಯೇ ಒತ್ತೊತ್ತಾಗಿ ತಲೆಯೆತ್ತುವುವು. ಧಾನ್ಯದಂತೆ ಒಣಗಿಸಿ ಕಾಪಿಡಬಹುದಾದ ಬೀಜಗಳಲ್ಲ ಇವು. ಒಣಗಿದೊಡನೆ ಜೀವಶಕ್ತಿಯನ್ನು ಕಳೆದುಕೊಳ್ಳುವಂಥವು. ಮೊಳೆತರೂ ಆ ದಟ್ಟ ನೆರಳಿನಲ್ಲಿ ಬಹುಪಾಲು ಬದುಕಲಾರವು. ಮನೆ ಕೆಡವಿ ಬಹುಮಹಡಿ ಎಬ್ಬಿಸಲಿರುವ ಹಿತ್ತಿಲಾದರಂತೂ ಒಂದೂ ಉಳಿಯದು. ಇಂಥ ಅನಾಥ ಸಸಿಗಳನ್ನೆತ್ತಿ ಕುಂಡದಲ್ಲಿ ಸಲಹುವವರ ಕಾರ್ಯ ನನಗೆ ಪೂಜ್ಯವಾಗಿ ತೋರುತ್ತದೆ.

ಎತ್ತುವುದಕ್ಕೂ ಒಂದು ವಿವೇಕ ಬೇಕು. ಹಲಸಿನ ತಾಯಿಬೇರು ಬಹುಬೇಗ ಆಳಕ್ಕಿಳಿಯುವುದರಿಂದ ಎಳೆಯದಿರುವಾಗಲೇ ಎತ್ತಬೇಕು. ನೀರನ್ನು ಹೀರುವುದು ದಪ್ಪ ಬೇರಲ್ಲ, ಮಣ್ಣಿನ ಕಣಗಳನ್ನು ಅಪ್ಪಿಹಿಡಿದ ಸೂಕ್ಷ್ಮ ರೋಮಗಳು. ಶುಚಿಯಾಗಲೆಂದು ಮಣ್ಣು ಕೊಡವಿದರೆ ಅವೂ ಹರಿದುಹೋಗಿ, ಎಷ್ಟು ನೀರೆರೆದರೂ ಸಸಿ ಬಾಡುತ್ತದೆ. ಆದುದರಿಂದ ಬಲ್ಲವರು ಮೋಡ ಕವಿದ ಸಂಜೆ, ಹುಟ್ಟಿದ ನೆಲದ ಹೆಂಟೆಯೊಡನೆಯೇ ಅದನ್ನೆತ್ತಿ, ಸುಡುಮಣ್ಣು ಹಟ್ಟಿಗೊಬ್ಬರ ಬೆರೆಸಿದ ಕುಂಡದಲ್ಲಿಟ್ಟು, ಕೆಲವು ದಿನ ನೆರಳಿನಲ್ಲಿ ಕಾಯುವರು. ವಿದ್ಯಾರ್ಜನೆಗೆಂದು ಹಳ್ಳಿಗಳಿಂದ ಈ ನಗರಕ್ಕೆ ಬರುವ ಮಕ್ಕಳ ನುಡಿ, ಊಟ, ನಡವಳಿಕೆಗಳನ್ನು ಬಂದ ದಿನವೇ ಕೊಡವಿಹಾಕಿ ತಿದ್ದಹೊರಡುವ ನಾವು, ಆ ಹೆಂಟೆ ಮಣ್ಣಿನ ಬೆಲೆಯನ್ನು ಅರಿತಿದ್ದೇವೆಯೆ?

ಪುನರ್ಪುಳಿಯ ವಿಷಯದಲ್ಲಿ ಇನ್ನೂ ಒಂದು ಪರೀಕ್ಷೆಯುಂಟು. ಅದರಲ್ಲಿ ಗಂಡುಮರವೇ ಬೇರೆ, ಹೆಣ್ಣುಮರವೇ ಬೇರೆ. ವರ್ಷಗಳ ಬಳಿಕ ಹೂಬಿಟ್ಟಾಗಲೇ ಯಾವುದು ಯಾವುದೆಂದು ಕಣ್ಣಿಗೆ ತಿಳಿಯುವುದು. ಗಂಡುಮರ ಪರಾಗವನ್ನು ಕೊಟ್ಟೀತೇ ಹೊರತು ಹಣ್ಣನ್ನಲ್ಲ. ಇದನ್ನರಿತೂ ಎಲ್ಲ ಸಸಿಗಳಿಗೂ ಸಮನಾಗಿ ನೀರೆರೆಯುವವರಲ್ಲಿ ಫಲಾಪೇಕ್ಷೆಯನ್ನು ಮೀರಿದ ಒಂದು ವಾತ್ಸಲ್ಯವಿದೆ.

1950ರಲ್ಲಿ ಕೇಂದ್ರ ಸಚಿವ ಕೆ. ಎಂ. ಮುನ್ಷಿಯವರು ವನಮಹೋತ್ಸವವನ್ನು ಆರಂಭಿಸಿದಂದಿನಿಂದ ಗಿಡ ನೆಡುವ ದಿನಕ್ಕೆ ಉತ್ಸವದ ಗೌರವ ದೊರೆತಿದೆ. ಅದರ ಹಿಂದಣ ಈ ಮೌನ ಪೋಷಣೆಗೂ ಅಂಥದೇ ಗೌರವ ಸಲ್ಲಬೇಕಾಗಿತ್ತು. ಆದರೆ ಸಲಹಿದವರ ಮೋಹವೂ ಸಸಿಗೆ ಕೇಡೇ: ಕುಂಡದಲ್ಲಿ ಬಹುಕಾಲ ಉಳಿದರೆ ಬೇರುಗಳು ಗೋಡೆಗೆ ತಾಗಿ ಸುತ್ತಿ ಸುರುಳಿಗೊಂಡು, ಮುಂದೆ ನೆಲಕ್ಕೆ ಸೇರಿದರೂ ಹರಡಲಾರದೆ ಮರವನ್ನೇ ಬಲಹೀನಗೊಳಿಸುವುವು. ಈ ಮಳೆಗಾಲ ಮುಗಿಯುವ ಮುನ್ನ ನಿಮ್ಮ ಕುಂಡಗಳ ಅಡಿಯ ರಂಧ್ರಗಳನ್ನೊಮ್ಮೆ ಪರೀಕ್ಷಿಸಿರಿ. ಬೇರು ಹೊರಗೆ ಇಣುಕಿದ್ದರೆ, ಅದಕ್ಕೊಂದು ನೆಲವನ್ನು ಇಂದೇ ಹುಡುಕತೊಡಗಿರಿ. ನಿಮ್ಮ ಹಿತ್ತಿಲು ಸಾಲದಿದ್ದರೆ ನೆಂಟರ ತೋಟವಾದರೂ ಆದೀತು, ಶಾಲೆಯ ಬಯಲಾದರೂ ಆದೀತು.