ಮನೆಯ ಕೈತೋಟ: ಮೊದಲು ಕಾಗದದ ಮೇಲೆ
(ಭಾಷಣದ ಸಾರಾಂಶ)



ವಿಶ್ವೇಶ್ವರಯ್ಯ ನಾಲೆಯ ನೀರು ಮಂಡ್ಯವನ್ನು ಭತ್ತ, ಕಬ್ಬಿನ ನಾಡಾಗಿ ಮಾಡಿತು. ಆದರೂ ನಮ್ಮಲ್ಲಿ ಅನೇಕ ಮನೆಗಳಿಗೆ ಸೊಪ್ಪು, ತರಕಾರಿ ಬರುವುದು ಸಂತೆಯಿಂದಲೇ. ಬೆಲೆ ಏರಿದರೆ ಮಕ್ಕಳ ತಟ್ಟೆಯಲ್ಲಿ ಮೊದಲು ಕಡಿಮೆಯಾಗುವುದೂ ಅದೇ. ಒಬ್ಬರಿಗೆ ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು, ತರಕಾರಿ ಬೇಕೆನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಿತ್ತಲಿನ ಹತ್ತಡಿ ಚೌಕ ಅಷ್ಟನ್ನೂ ಕೊಡದು. ವಾರಕ್ಕೊಂದೆರಡು ದಿನದ ಸೊಪ್ಪನ್ನಂತೂ ಕೊಟ್ಟೀತು.

ಬೀಜ ಕೊಳ್ಳುವ ಮೊದಲು ಕಾಗದ, ಪೆನ್ಸಿಲ್ ಹಿಡಿಯಿರಿ. ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ಗುರುತಿಸಿ. ಮೂರಡಿ ಅಗಲದ ನಾಲ್ಕು ಮಡಿ ಬರೆಯಿರಿ. ಅಗಲ ಹೆಚ್ಚಾದರೆ ಕಳೆ ಕೀಳಲು ಮಡಿಯನ್ನೇ ತುಳಿಯಬೇಕಾಗುತ್ತದೆ. ಒಂದಕ್ಕೆ ದಂಟು, ಮೆಂತ್ಯ, ಒಂದಕ್ಕೆ ಬೆಂಡೆ, ಒಂದಕ್ಕೆ ಬದನೆ, ಟೊಮೆಟೊ, ಮೆಣಸಿನ ಸಸಿ, ಇನ್ನೊಂದಕ್ಕೆ ಅಲಸಂದೆ. ಹೀರೆಯ ಚಪ್ಪರ ಉತ್ತರದ ಬದಿಗಿರಲಿ, ನೆರಳು ಮಡಿಗೆ ಬೀಳದು.

ಹೊಸಬರು ಸೊಪ್ಪಿನ ಬೀಜವನ್ನೆಲ್ಲ ಒಂದೇ ದಿನ ಚೆಲ್ಲುತ್ತಾರೆ. ಒಂದು ವಾರ ಹಂಚಿ ಮುಗಿಯದಷ್ಟು, ಮರುವಾರ ಏನೂ ಇಲ್ಲ. ಮಡಿಯನ್ನು ಮೂರು ಪಾಲು ಮಾಡಿ, ಹತ್ತು ದಿನಕ್ಕೊಂದು ಪಾಲು ಬಿತ್ತಿ. ಮೊದಲ ಪಾಲು ಸುಮಾರು ತಿಂಗಳಿಗೆ ಕೊಯ್ಲಿಗೆ ಬರುತ್ತದೆ. ಕಿತ್ತ ಜಾಗಕ್ಕೆ ಮತ್ತೆ ಬಿತ್ತಿದರೆ ಸೊಪ್ಪು ತಪ್ಪದು.

ಬದನೆ, ಟೊಮೆಟೊ, ಮೆಣಸು ಒಂದೇ ಕುಟುಂಬದವು. ಅವನ್ನು ಅದೇ ಮಡಿಗೆ ಮತ್ತೆ ಹಾಕಬೇಡಿ. ರೋಗ ಮಣ್ಣಿನಲ್ಲೇ ಉಳಿದಿರುತ್ತದೆ. ಅಲಸಂದೆ ಬೆಳೆದ ಮಡಿಗೆ ಬದಲಿಸಿ.

ನಾಲೆಯ ಕೊನೆಭಾಗದಲ್ಲಿರುವ ಮದ್ದೂರು, ಮಳವಳ್ಳಿಯವರಿಗೆ ನೀರಿನ ಕಷ್ಟ ಹೇಳಬೇಕಿಲ್ಲ. ಅಕ್ಕಿ, ತರಕಾರಿ ತೊಳೆದ ನೀರು ಮಡಿಗೆ ಹೋಗಲಿ. ಸೋಪಿನ ನೀರು ಬೇಡ. ಕಬ್ಬಿನ ತರಗು ಹೊದಿಸಿದರೆ ತೇವ ಉಳಿಯುತ್ತದೆ.

ವಿದ್ಯಾರ್ಥಿಗಳೇ, ಒಂದೇ ಮಡಿಯಿಂದ ಆರಂಭಿಸಿ. ಬಿತ್ತಿದ ದಿನ, ಕೊಯ್ದ ದಿನ ಬರೆದಿಡಿ. ಮುಂದಿನ ಯೋಜನೆಗೆ ಅದೇ ಆಧಾರ.